ಹೆರಿಗೆ ವಾರ್ಡಿನ ಹಳೇ ರಿಜಿಸ್ಟರು ಹೇಳಿದ ಸಕ್ಕರೆ ಲೆಕ್ಕ

ಮೈಸೂರು: ಹಳೇ ರಿಜಿಸ್ಟರುಗಳಿಗೆ ಸಾಮಾನ್ಯವಾಗಿ ಎರಡೇ ಗತಿ. ಒಂದು ಗೆದ್ದಲು, ಇಲ್ಲ ರದ್ದಿ ಅಂಗಡಿ ತಕ್ಕಡಿ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದ್ರೆ ಜನ ಕರೆಯೋ ಮಿಷನ್ ಆಸ್ಪತ್ರೆಯಲ್ಲಿ, ಹಾಗಾಗಲಿಲ್ಲ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಉಳಿದವು.

ಕಡಿಮೆ ತೂಕದಲ್ಲಿ ಹುಟ್ಟಿದವರೇ ಮುಂದೆ ಹೃದಯ ಕಾಯಿಲೆಯಿಂದ ಹೆಚ್ಚು ಸಾಯುತ್ತಾರೆಂದು ಇಂಗ್ಲೆಂಡಿನ ಪ್ರೊಫೆಸರ್ ಡೇವಿಡ್ ಬಾರ್ಕರ್ 1989ರಲ್ಲಿ ಹೇಳಿದ್ದರು. ನಮ್ಮಲ್ಲೂ ಹಾಗೇನಾ? 1990ರ ದಶಕದಲ್ಲಿ ಡಾ. ಕೆರೋಲಿನ್ ಫಾಲ್ ಅವರ ತಂಡ ಮೈಸೂರಿನ ಮನೆ ಮನೆ ಸುತ್ತಿತು. 1934ರಿಂದ 1954ರೊಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 500ಕ್ಕೂ ಹೆಚ್ಚು ಜನ ಸಿಕ್ಕರು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ತೊಂದರೆ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಬರೀ 3.

ಲೆಕ್ಕ ತಿರುಗಿತು

ಸಕ್ಕರೆ ಕಾಯಿಲೆ ಮಾತ್ರ ಬೇರೆ ಲೆಕ್ಕ ಹೇಳಿತು. ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲೇ ಅದು ಜಾಸ್ತಿ. ಅವರ ತಾಯಂದಿರೂ ತೂಕದವರು. ಅನುಮಾನ ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಮೇಲೆ ಬಿತ್ತು. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 6 ಮಂದಿಗೆ ಅದಿತ್ತು. ಅವರ ಹೆಣ್ಣುಮಕ್ಕಳಿಗೆ 5 ವರ್ಷ ತುಂಬುವಷ್ಟರಲ್ಲೇ ಮೈಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಾಗಿ ಕಂಡವು. ‘ಸಿಹಿ ಜಾಸ್ತಿ ತಿಂದ, ಶುಗರ್ ಬಂತು’ ಅನ್ನೋ ಮಾತು ಅರ್ಧ ಸತ್ಯ ಅಷ್ಟೇ.

ಪಿಎಚ್.ಡಿ. ಆದ ಮೇಲೂ ಪಾಠ

ಡಾಕ್ಟರೇಟ್ ಪಡೆದವರು ಹಿರಿಯರ ಕೈಕೆಳಗೆ ಇನ್ನೂ ಕೆಲವು ವರ್ಷ ಪಳಗುವುದಕ್ಕೆ ಪೋಸ್ಟ್ ಡಾಕ್ಟರಲ್ ತರಬೇತಿ ಅಂತಾರೆ. ಪೌಷ್ಟಿಕತೆ, ಹಾರ್ಮೋನುಗಳ ವಿಷಯದಲ್ಲಿ ಈ ಪಾಠ ಬರೀ ಪ್ರಯೋಗಶಾಲೆಯಲ್ಲಿ ಮುಗಿಯೋದಿಲ್ಲ. ಕೂಸನ್ನು ಸರಿಯಾಗಿ ತೂಗಬೇಕು, ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಮನೆಯವರನ್ನು ಒಪ್ಪಿಸಬೇಕು, ಹತ್ತು ವರ್ಷವಾದರೂ ಅವರ ವಿಳಾಸ ಕಳೆದುಕೊಳ್ಳಬಾರದು. ಅಂಗಡಿ ಖಾತೆ ಪುಸ್ತಕದಂತೆ ಇಲ್ಲೂ ಬರೆದಿಟ್ಟಿದ್ದೇ ಬಂಡವಾಳ.

ಮನೆಯಲ್ಲಿ ಗರ್ಭಿಣಿ ಇದ್ದರೆ 75 ಗ್ರಾಂ ಗ್ಲೂಕೋಸ್ ನೀರಿನ ಪರೀಕ್ಷೆ ತಪ್ಪಿಸಬೇಡಿ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಮಾಡಿಸಬೇಕೆಂಬುದು ಸರ್ಕಾರದ ಸೂಚನೆ. ಎರಡು ಗಂಟೆಯ ನಂತರ 140 ಅಥವಾ ಹೆಚ್ಚು ಬಂದರೆ ಡಾಕ್ಟರ ಮಾತು ಕೇಳಬೇಕು. ತಾಯಿ ಕಾರ್ಡನ್ನೂ ರದ್ದಿಗೆ ಹಾಕಬೇಡಿ, ಜೋಪಾನ.