'ಚಂದ ಉಂಟು' ಎಂದರೆ ಸಾಲದು

ಫೋಟೋಗ್ರಫಿ ಕಲಿಯುವ ಮಕ್ಕಳು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ತೆಗೆದ ಫೋಟೋ ತೋರಿಸಿದರೆ ನಾವು 'ಚಂದ ಉಂಟು' ಎಂದು ಹೇಳಿ ಮುಗಿಸುತ್ತೇವೆ. ಅದರಿಂದ ಮಕ್ಕಳಿಗೆ ಖುಷಿಯಾಗುತ್ತದೆ, ಕಲಿತದ್ದು ಏನೂ ಇರುವುದಿಲ್ಲ.

ಒಬ್ಬರ ಫೋಟೋವನ್ನು ಇನ್ನೊಬ್ಬರು ವಿಮರ್ಶಿಸಲು ಮೂರು ಪ್ರಶ್ನೆ ಸಾಕು. ಕಣ್ಣು ಮೊದಲು ಎಲ್ಲಿಗೆ ಹೋಯಿತು? ಬೆಳಕು ಯಾವ ಕಡೆಯಿಂದ ಬಂತು? ಅಂಚಿನಲ್ಲಿ ಬೇಡದ್ದು ಏನುಂಟು? ಮಾತು ಚಿತ್ರದ ಬಗ್ಗೆ ಇರಲಿ, ತೆಗೆದವರ ಬಗ್ಗೆ ಬೇಡ.

ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ 'ಮೈಗ್ರಂಟ್ ಮದರ್' ಚಿತ್ರವನ್ನೇ ನೋಡಿ. ಎರಡೂ ಬದಿಯ ಮಕ್ಕಳು ಮುಖ ತಿರುಗಿಸಿದ್ದಾರೆ. ಹಾಗಾಗಿ ನಮ್ಮ ಕಣ್ಣು ಸೀದಾ ತಾಯಿಯ ಮುಖಕ್ಕೇ ಹೋಗುತ್ತದೆ. ಕೆಳಗಿನ ಮೂಲೆಯಲ್ಲಿ ಕಾಣುತ್ತಿದ್ದ ಒಂದು ಹೆಬ್ಬೆರಳನ್ನು ಲ್ಯಾಂಗ್ ಆಮೇಲೆ ಅಳಿಸಿಸಿದರು.

ಅಂಚಿನ ಬೆರಳನ್ನೂ ಗಮನಿಸಿದ ಅವರು ಆ ತಾಯಿಯ ಹೆಸರು ಕೇಳಿರಲಿಲ್ಲ. ಚಿತ್ರ ಲೋಕವೆಲ್ಲ ಸುತ್ತಿತು. 1978ರಲ್ಲಿ ಪತ್ತೆಯಾದ ಆ ಮಹಿಳೆ, ಫ್ಲಾರೆನ್ಸ್ ಥಾಮ್ಸನ್, ಆ ಫೋಟೋ ತೆಗೆಯದೇ ಇದ್ದಿದ್ದರೆ ಒಳ್ಳೆಯದಿತ್ತು, ಅದರಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಎಂದು ಬೇಸರಪಟ್ಟರು.

ಅದಕ್ಕೇ ನಾಲ್ಕನೆಯ ಪ್ರಶ್ನೆಯೊಂದು ಬೇಕು: ಫೋಟೋದಲ್ಲಿ ಇರುವವರನ್ನು ಕೇಳಿದ್ದೀಯಾ? ದಕ್ಕೆಯಲ್ಲಿ ಮೀನು ಹೊರುವವರಾಗಲಿ, ಅಡುಗೆಮನೆಯ ಉಮ್ಮನಾಗಲಿ, ಎಲ್ಲರನ್ನೂ ಕೇಳಬೇಕು. ಕ್ಲಾಸಿನಲ್ಲಿ ತೋರಿಸಲು ಒಪ್ಪಿದವರು ಸ್ಟೇಟಸ್‌ಗೆ ಹಾಕಲೂ ಒಪ್ಪಿದರು ಎಂದಲ್ಲ. ಎರಡನ್ನೂ ಬೇರೆ ಬೇರೆ ಕೇಳಬೇಕು. ಬೇಡ ಎಂದರೆ, ಎಷ್ಟು ಚಂದದ ಫೋಟೋ ಆದರೂ ಅದನ್ನು ಹಂಚುವಂತಿಲ್ಲ.