ಅಂಕಿಗಳಲ್ಲಿ ಎರಕ ಹೊಯ್ದ ಗಂಟೆ



ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಕೀಬೋರ್ಡ್ ಇರಬಹುದು. ಮಕ್ಕಳ ಸಂಗೀತದ ಕ್ಲಾಸಿಗೆಂದು ತಂದದ್ದು, ಈಗ ಬೀರುವಿನ ಮೇಲೆ ಧೂಳು ತಿನ್ನುತ್ತಿರುವಂಥದ್ದು. ಅದರಲ್ಲಿ ಪಿಯಾನೊ, ಕೊಳಲು, ವಯಲಿನ್... ಯಾವ ನಂಬರ್ ಒತ್ತಿದರೂ ಸದ್ದು ಸಿದ್ಧ. ಆದರೆ ಆ ಸದ್ದುಗಳನ್ನು ಯಾರೋ ಕೂತು ಮಾಡಿದ್ದಾರಲ್ಲವೇ? ಹಾಗಾದರೆ ನಮಗೆ ಬೇಕಾದ ಸದ್ದನ್ನು ನಾವೂ ಮಾಡಿಕೊಳ್ಳಬಹುದೇ? ಖಂಡಿತ ಮಾಡಬಹುದು. ಹೇಗೆಂದು ತಿಳಿಯಲು ಒಂದು ಹೆಸರಾಂತ ಯಂತ್ರವನ್ನೇ ನೋಡೋಣ.

ಜಪಾನಿನ ಯಮಹಾ ಕಂಪನಿ 1983ರಲ್ಲಿ ಡಿಎಕ್ಸ್7 ಎಂಬ ಡಿಜಿಟಲ್ ಸಿಂಥಸೈಜರ್ ತಂದಿತು. 61 ಮನೆಗಳ ಕೀಬೋರ್ಡ್, ಒಮ್ಮೆಗೆ 16 ಸ್ವರ ನುಡಿಯುವ ಶಕ್ತಿ. ಅದರೊಳಗೆ ಯಾವ ವಾದ್ಯದ ಧ್ವನಿಮುದ್ರಣವೂ ಇಲ್ಲ. ಇರುವುದು ಅಂಕಿಗಳು ಮಾತ್ರ. ಸದ್ದು ಹುಟ್ಟುವುದು ಲೆಕ್ಕದಿಂದ.

ಈ ಲೆಕ್ಕದ ಮೂಲ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. 1967ರಲ್ಲಿ ಅಲ್ಲಿನ ಸಂಗೀತ ರಚನೆಕಾರ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ಸ್ವರವನ್ನು ಅಲುಗಿಸಿ ನೋಡುತ್ತಿದ್ದರು. ನಮ್ಮ ಗಾಯಕರು ಕಂಪಿತ ಗಮಕದಲ್ಲಿ ಸ್ವರವನ್ನು ತೂಗುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಅಲುಗಾಟದ ವೇಗವನ್ನು ಬಹಳ ಹೆಚ್ಚಿಸಿದಾಗ ಕಿವಿಗೆ ಅಲುಗಾಟ ಕೇಳಿಸುವುದು ನಿಂತು, ನಾದದ ಬಣ್ಣವೇ ಬದಲಾಯಿತು! ಈ ವಿಧಾನಕ್ಕೆ 1977ರಲ್ಲಿ ಪೇಟೆಂಟ್ ದೊರೆಯಿತು. ಯಮಹಾ ಅದನ್ನು ಬಳಸುವ ಹಕ್ಕು ಪಡೆದಿತ್ತು.

ಇದರ ಹೆಸರು ಎಫ್‌ಎಂ. ಹೌದು, ನಮ್ಮ ರೇಡಿಯೋದ ಎಫ್‌ಎಂ ತತ್ವವೇ! ಅಂದ ಹಾಗೆ, ಭಾರತದ ಮೊದಲ ಎಫ್‌ಎಂ ಪ್ರಸಾರ ಚೆನ್ನೈನಲ್ಲಿ ಆರಂಭವಾದದ್ದೂ ಅದೇ 1977ರ ಜುಲೈ 23ರಂದು. ರೇಡಿಯೋದಲ್ಲಿ ಒಂದು ಅಲೆ ಸೆಕೆಂಡಿಗೆ ಸುಮಾರು 10 ಕೋಟಿ ಸಲ ಕಂಪಿಸುತ್ತದೆ. ನಮ್ಮ ಧ್ವನಿ ಅದನ್ನು ಅಲುಗಿಸುತ್ತದೆ. ಆ ಅಲೆ ನಿಮಗೆ ಕೇಳಿಸುವುದಿಲ್ಲ, ಧ್ವನಿ ಮಾತ್ರ ಕೇಳಿಸುತ್ತದೆ. ಸಿಂಥಸೈಜರ್‌ನಲ್ಲಿ ಅಲುಗುವ ಅಲೆಯೇ ಕಿವಿಗೆ ಕೇಳಿಸುವಂಥದ್ದು. ಅದು ಅಲುಗಿದಾಗ ಹುಟ್ಟುವ ಹೊಸ ಬಣ್ಣವೇ ನಮಗೆ ಬೇಕಾದದ್ದು.

ಡಿಎಕ್ಸ್7ನಲ್ಲಿ ಪ್ರತಿ ಸದ್ದಿಗೂ 6 ಆಪರೇಟರ್‌ಗಳು. ಪ್ರತಿಯೊಂದೂ ಒಂದು ಸರಳ ಅಲೆ. ಯಾವುದು ಕೇಳಿಸಬೇಕು, ಯಾವುದು ಯಾವುದನ್ನು ಅಲುಗಿಸಬೇಕು ಎಂಬುದಕ್ಕೆ 32 ಜೋಡಣೆಗಳಿವೆ. ಕೇಳಿಸುವುದು ಕ್ಯಾರಿಯರ್, ಅಲುಗಿಸುವುದು ಮಾಡ್ಯುಲೇಟರ್. ಇಷ್ಟು ತಿಳಿದರೆ ಒಂದು ಗಂಟೆ ಮಾಡಿ ನೋಡಬಹುದು.

ಅದಕ್ಕೆ ಹಳೆಯ ಯಂತ್ರವನ್ನು ಹುಡುಕಬೇಕಾಗಿಲ್ಲ. ಡೆಕ್ಸೆಡ್ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿನಲ್ಲಿ ಡಿಎಕ್ಸ್7ನಂತೆಯೇ ಕೆಲಸ ಮಾಡುತ್ತದೆ. ನಿಮ್ಮ ಕೀಬೋರ್ಡಿಗೆ ಮಿಡಿ ಅಥವಾ ಯುಎಸ್‌ಬಿ ಸೌಲಭ್ಯವಿದ್ದರೆ ಕಂಪ್ಯೂಟರಿಗೆ ಜೋಡಿಸಿ ನುಡಿಸಬಹುದು.

ಮೊದಲು 'ಇನಿಟ್' ಆರಿಸಿ. ಅದು ಬರೆದದ್ದೆಲ್ಲ ಒರೆಸಿದ ಸ್ಲೇಟಿನ ಹಾಗೆ. 1ನೇ ಆಪರೇಟರ್ ಮಾತ್ರ ಕೇಳಿಸುತ್ತದೆ, ಸಪ್ಪೆ ಶಿಳ್ಳೆಯಂತೆ. ಈಗ 2ನೇ ಆಪರೇಟರ್‌ನ ಔಟ್‌ಪುಟ್ ಲೆವೆಲ್ ಅನ್ನು 0ಯಿಂದ ನಿಧಾನವಾಗಿ 75ರವರೆಗೆ ಏರಿಸಿ. ಸದ್ದಿಗೆ ಹೊಳಪು ಬರುತ್ತದೆ.

ಇನ್ನು 2ನೇ ಆಪರೇಟರ್‌ನ ಅನುಪಾತ. ಅದನ್ನು 2 ಮಾಡಿದರೆ ಕ್ಲಾರಿನೆಟ್ಟಿನ ಛಾಯೆ. ಕೋರ್ಸ್‌ನಲ್ಲಿ 2 ಇಟ್ಟು ಫೈನ್‌ನಲ್ಲಿ 75 ಇಡಿ, ಅನುಪಾತ 3.50 ಆಗುತ್ತದೆ. ಥಟ್ಟನೆ ಲೋಹದ ನಾದ! ಏಕೆಂದರೆ ಕೊಳಲು, ತಂತಿವಾದ್ಯಗಳಲ್ಲಿ ಮೂಲಸ್ವರದ ಜೊತೆ ಕೇಳಿಸುವ ಮೇಲಿನ ನಾದಗಳು ಸರಿಸುಮಾರು ಎರಡು ಪಟ್ಟು, ಮೂರು ಪಟ್ಟು ಎಂದು ಪೂರ್ಣಾಂಕದಲ್ಲಿರುತ್ತವೆ. ಗಂಟೆಯಲ್ಲಿ ಹಾಗಿಲ್ಲ. 3.50 ಇಟ್ಟಾಗ ಎರಡೂವರೆ ಪಟ್ಟು, ನಾಲ್ಕೂವರೆ ಪಟ್ಟಿನ ನಾದಗಳು ಸೇರಿಕೊಳ್ಳುತ್ತವೆ.

ಆದರೆ ಗಂಟೆ ಹೊಡೆದ ಮೇಲೆ ನಾದ ಕರಗಬೇಕಲ್ಲ? ಅದಕ್ಕೆ ಎನ್‌ವೆಲಪ್ ಇದೆ. ಪ್ರತಿ ಆಪರೇಟರಿಗೂ 4 ವೇಗ, 4 ಮಟ್ಟ. ಎರಡೂ ಆಪರೇಟರ್‌ಗಳ 2 ಮತ್ತು 3ನೇ ಮಟ್ಟವನ್ನು 0 ಮಾಡಿ. 1ನೇ ಆಪರೇಟರ್‌ನ 2 ಮತ್ತು 4ನೇ ವೇಗ 35 ಇರಲಿ, 2ನೇ ಆಪರೇಟರ್‌ನವು 45 ಇರಲಿ. ಆಗ ಹೊಡೆತದ ಕಿಣಿಕಿಣಿ ಬೇಗ ಅಡಗಿ, ಮೂಲನಾದ ನಿಧಾನವಾಗಿ ಕರಗುತ್ತದೆ. 2ನೇ ಆಪರೇಟರಿಗೆ ವೆಲಾಸಿಟಿಯನ್ನೂ ಸ್ವಲ್ಪ ಕೊಟ್ಟರೆ, ಜೋರಾಗಿ ಒತ್ತಿದಷ್ಟೂ ಸದ್ದು ಖಣೀರೆನ್ನುತ್ತದೆ.

ಒಂದು ಕಿವಿಮಾತು. ಒಮ್ಮೆಗೆ ಒಂದೇ ಅಂಕಿ ಬದಲಾಯಿಸಿ, ಕೇಳಿ, ಆಮೇಲೆ ಮುಂದಿನದು. ಇಷ್ಟವಾದ ತಕ್ಷಣ ಹೆಸರು ಕೊಟ್ಟು ಉಳಿಸಿ.

ಇಷ್ಟೆಲ್ಲ ಏಕೆ ಅನ್ನುತ್ತೀರಾ? ಡಿಎಕ್ಸ್7ನಲ್ಲಿ ಪುಟ್ಟ ಪರದೆ, ಅಂಕಿ ಬದಲಾಯಿಸಲು ಒಂದೇ ಜಾರುಗುಂಡಿ. ಆ ತಾಪತ್ರಯಕ್ಕೆ ಹೆಚ್ಚಿನವರು ಏನನ್ನೂ ತಿದ್ದಲಿಲ್ಲ, ಕಾರ್ಖಾನೆ ಕೊಟ್ಟ ಸದ್ದುಗಳನ್ನೇ ನುಡಿಸಿದರು. 1980ರ ದಶಕದ ಅದೆಷ್ಟೋ ಹಾಡುಗಳಲ್ಲಿ ಅದರ ಎಲೆಕ್ಟ್ರಿಕ್ ಪಿಯಾನೊ ಒಂದೇ ತೆರನಾಗಿ ಕೇಳಿಸುವುದು ಇದರಿಂದಲೇ. ಯಂತ್ರದೊಂದಿಗೆ ಬಂದ ಆ 32 ಸದ್ದುಗಳ ಪಟ್ಟಿ ನೋಡಿ. ಜಪಾನಿನ ಕೋಟೋ ಇದೆ, ಪಾಶ್ಚಾತ್ಯರ ಕೊಳವೆಗಂಟೆ ಇದೆ, ರೈಲಿನ ಸದ್ದು, ವಿಮಾನ ಏರುವ ಸದ್ದೂ ಇದೆ. ವೀಣೆ ಇಲ್ಲ, ತಂಬೂರಿ ಇಲ್ಲ, ಮಂಗಳಾರತಿಯ ಗಂಟೆಯೂ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಕೂತು ಮಾಡಿದವರು ತಮ್ಮ ಕಿವಿಯಲ್ಲಿದ್ದದ್ದನ್ನು ಮಾಡಿದರು. ನಮ್ಮ ಕಿವಿಯಲ್ಲಿರುವುದನ್ನು ನಾವೇ ಮಾಡಬೇಕು.

ಊರು ಬಿಟ್ಟು ಬಂದ ನಮಗೆ ಊರಿನ ಗುಡಿಯ ಗಂಟೆ ಹೇಗಿತ್ತೆಂದು ಚೆನ್ನಾಗಿ ನೆನಪಿದೆ. ನಗರದಲ್ಲೇ ಹುಟ್ಟಿದ ಮಕ್ಕಳಿಗೆ ಅಂಕಿ ತಿರುಗಿಸುವ ಚಳಕ ಚೆನ್ನಾಗಿ ಗೊತ್ತು. ಈ ಭಾನುವಾರ ಇಬ್ಬರೂ ಒಟ್ಟಿಗೆ ಕೂತು ನೋಡಿ. "ಇನ್ನೂ ಸ್ವಲ್ಪ ದಪ್ಪ ಇತ್ತು ಕಣೋ", "ಇಷ್ಟು ಬೇಗ ನಿಲ್ಲುತ್ತಿರಲಿಲ್ಲ" ಎಂದು ನೀವು ಹೇಳುತ್ತಾ ಹೋಗಿ, ಅವರು ತಿದ್ದುತ್ತಾ ಹೋಗಲಿ. ಡಿಎಕ್ಸ್7ನಲ್ಲಿ ಸದ್ದಿನ ಹೆಸರಿಗೆ ಹತ್ತೇ ಅಕ್ಷರದ ಜಾಗ, ಅದಕ್ಕೆ ಕನ್ನಡ ಲಿಪಿಯೂ ಬಾರದು. ಚಿಂತೆಯಿಲ್ಲ, ನಿಮ್ಮ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ಉಳಿಸಿ. ಒತ್ತಿದಾಗ ನುಡಿಯುವುದು ನಿಮ್ಮೂರಿನ ಗಂಟೆಯೇ ತಾನೇ?

ಮತ್ತೆ ಭೇಟಿಯಾಗೋಣ. ಕೇಳುತ್ತಿರಿ!