ಟೀಚರ್ ಆಗ್ಬೇಕಾ? ಮೊದಲು ತರಗತಿ ಆರಿಸಿ, ಆಮೇಲೆ ಕೋರ್ಸು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕೇಳುಗರು ನನ್ನನ್ನ ಮತ್ತೆ ಮತ್ತೆ ಕೇಳೋದು ಒಂದೇ ಪ್ರಶ್ನೆ: "ಡಿಎಡ್ ಮಾಡ್ಲಾ, ಬಿಎಡ್ ಮಾಡ್ಲಾ?" ಎಷ್ಟನೇ ಕ್ಲಾಸಿಗೆ ಪಾಠ ಮಾಡ್ಬೇಕು ಅಂತ ಮೊದಲು ತೀರ್ಮಾನಿಸಿ ಅಂತೀನಿ ನಾನು. ಇಲ್ಲಿ ತಪ್ಪಿದರೆ ಎರಡು ವರ್ಷವೂ ಹೋಗುತ್ತೆ, ಮನೆಯವರು ಸಾಲ ಸೋಲ ಮಾಡಿ ಕಟ್ಟಿದ ಫೀಸೂ ಹೋಗುತ್ತೆ.

1ರಿಂದ 5ನೇ ತರಗತಿ

ಇದಕ್ಕೆ ಪಿಯುಸಿ ಆದ ಮೇಲೆ ಎರಡು ವರ್ಷದ ಡಿಎಲ್‌ಎಡ್ ಬೇಕು. ನಮ್ಮೂರ ಕಡೆ ಇನ್ನೂ ಡಿಎಡ್ ಅಂತಲೇ ಕರೀತಾರಲ್ಲ, ಅದೇ. 2018ರಲ್ಲಿ ಬಿಎಡ್ ಆದವರಿಗೂ ಈ ತರಗತಿಗಳ ಬಾಗಿಲು ತೆರೆದಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನ ಮುಚ್ಚಿತು. ಪುಟ್ಟ ಮಕ್ಕಳಿಗೆ ಕಲಿಸೋ ತರಬೇತಿಯೇ ಬೇರೆ ಅನ್ನೋದು ಕೋರ್ಟಿನ ವಾದ.

ಬಿಳಿಗಿರಿರಂಗನ ಬೆಟ್ಟದ ಪೋಡುಗಳನ್ನ ನೆನೆದರೆ ನನಗೆ ಈ ಮಾತು ಸರಿ ಅನ್ಸುತ್ತೆ. ಮನೆಯಲ್ಲಿ ಸೋಲಿಗ ನುಡಿ ಕೇಳಿ ಬೆಳೆದ ಮಗುವಿಗೆ ಮೊದಲ ಅಕ್ಷರ ಕಲಿಸೋದು ಸುಲಭದ ಕೆಲಸ ಅಲ್ಲ.

6ರಿಂದ 8ನೇ ತರಗತಿ

ಇಲ್ಲಿ ಡಿಗ್ರಿ ಬೇಕೇ ಬೇಕು. ಜೊತೆಗೆ ಡಿಎಲ್‌ಎಡ್ ಅಥವಾ ಬಿಎಡ್, ಎರಡರಲ್ಲಿ ಒಂದು.

ಟಿಇಟಿ ಅಂದ್ರೆ ಏನು?

ಕೋರ್ಸ್ ಮುಗಿದರೂ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗ್ಬೇಕು. 1ರಿಂದ 5ಕ್ಕೆ ಪೇಪರ್ 1, 6ರಿಂದ 8ಕ್ಕೆ ಪೇಪರ್ 2. ಒಂದೊಂದರಲ್ಲೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಪಾಸಾಗೋಕೆ ಶೇ 60, ಅಂದ್ರೆ 90 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲರಿಗೆ ಶೇ 55. ಬೆಟ್ಟದ ಸೋಲಿಗ ಹುಡುಗ ಹುಡುಗಿಯರಿಗೆ ಈ ರಿಯಾಯಿತಿ ಸಿಗುತ್ತೆ. ಆದರೆ 2ಎ, 2ಬಿ, 3ಎ, 3ಬಿಯವರಿಗೆ ಇಲ್ಲ, ಅವರೂ 90 ತೆಗೀಲೇಬೇಕು.

ಮೊದಲು ಈ ಸರ್ಟಿಫಿಕೇಟಿಗೆ ಏಳು ವರ್ಷದ ಆಯಸ್ಸಿತ್ತು. 2021ರಲ್ಲಿ ಅದನ್ನ ಜೀವನಪೂರ್ತಿ ಅಂತ ಮಾಡಿದ್ರು.

ಪಾಸಾದ್ರೆ ಕೆಲಸ ಸಿಕ್ಕಂಗಾ?

ಇಲ್ಲ. ಟಿಇಟಿ ಬರೀ ಅರ್ಹತೆ. ಸರ್ಕಾರಿ ಹುದ್ದೆಗೆ ಅರ್ಜಿ ಕರೆದಾಗ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ ಬರೀಬೇಕು. 2022ರಲ್ಲಿ 6ರಿಂದ 8ನೇ ತರಗತಿಯ 15,000 ಹುದ್ದೆಗೆ ನಡೆದದ್ದು ಹಾಗೇ.

ಹಾಗಂತ ಟಿಇಟಿಯನ್ನ ಹಗುರವಾಗಿ ತಗೋಬೇಡಿ. 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸಮಯ ಇರೋ, ಈಗಾಗಲೇ ಕೆಲಸದಲ್ಲಿರೋ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗ್ಬೇಕು ಅಂದಿದೆ. ನಿಮಗೆ ಪಾಠ ಹೇಳಿದ ಮೇಷ್ಟ್ರೇ ಪರೀಕ್ಷಾ ಕೊಠಡಿಯಲ್ಲಿ ನಿಮ್ಮ ಪಕ್ಕದ ಬೆಂಚಲ್ಲಿ ಸಿಗಬಹುದು!

ಹನೂರಿನ ಕಾಡಂಚಿನ ಶಾಲೆಯ ಒಂದನೇ ಕ್ಲಾಸಿನ ಮಕ್ಕಳಿಗೆ ಕಲಿಸೋ ಆಸೆ ಇದ್ಯಾ? ಹಾಗಾದ್ರೆ ಬಿಎಡ್ ಫೀಸು ಕಟ್ಟೋ ಮೊದಲು ಇದನ್ನ ಇನ್ನೊಂದ್ಸಲ ಕೇಳಿ. ಪಿಯುಸಿ ಮುಗಿಸಿರೋ ತಮ್ಮನೋ ತಂಗಿಯೋ ಇದ್ರೆ ಅವರಿಗೂ ಕಳಿಸಿ.